ಮೊದಲು ಉಂಡರು, ಆಮೇಲೆ ಧ್ಯಾನಕ್ಕೆ ಕೂತರು



ಯಾರಾದರೂ "ಮನಸ್ಸೇ ಸರಿ ಇಲ್ರಿ" ಅಂದರೆ "ಧ್ಯಾನ ಮಾಡ್ರಿ, ಎಲ್ಲಾ ಹೋಗತದ" ಎಂದು ನಾವು ಕೈತೊಳೆದುಕೊಳ್ಳುತ್ತೇವೆ. ಇದು ಧಮ್ಮವೇ? ನನಗೆ ಅನುಮಾನ.

ಬಾಬಾಸಾಹೇಬರ ‘ಬುದ್ಧ ಮತ್ತು ಅವನ ಧಮ್ಮ’ ತೆಗೆದು ನೋಡಿ. ಗೌತಮರು 6 ವರ್ಷದ ದೇಹದಂಡನೆ ಬಿಟ್ಟು ಸುಜಾತೆ ಕೊಟ್ಟ ಅನ್ನ ಉಂಡರು. 40 ದಿನಕ್ಕಾಗುವಷ್ಟು ಆಹಾರ ಕೂಡಿಸಿಟ್ಟುಕೊಂಡೇ ಧ್ಯಾನಕ್ಕೆ ಕೂತರು.

ರಬಕವಿ-ಬನಹಟ್ಟಿಯಲ್ಲಿ ರಾತ್ರಿಪಾಳಿ ಮಗ್ಗ ನಡೆಸುವವನಿಗೆ ನಿದ್ದೆ ಎಲ್ಲಿ? ಮುಧೋಳದ ಕಬ್ಬಿನ ಹೊಲದಿಂದ ಬಂದ ತಾಯಿ ಎಲ್ಲರೂ ಉಂಡು ಉಳಿದದ್ದನ್ನು ಉಣ್ಣುತ್ತಾಳೆ. ರಕ್ತ ಕಡಿಮೆಯಾದರೆ, ಥೈರಾಯ್ಡ್ ಕುಗ್ಗಿದರೆ, ಬಿ12 ಸಾಲದಿದ್ದರೆ ಸುಸ್ತು, ಮರೆವು, ಬೇಸರ ಬರುತ್ತವೆ. ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ. (ನಮ್ಮ ಊಟ ಹೀಗಳೆದವರಿಗೂ ಇದು ತಿಳಿದಿರಲಿ.)

ರೋಗದ ಮೂಲ ಹುಡುಕಿ ಎಂದು ‘ಫಂಕ್ಷನಲ್ ಮೆಡಿಸಿನ್’ನವರೂ ಹೇಳುತ್ತಾರೆ. ಆ ಮಾತು ಒಪ್ಪುವೆ. ಅದರ ಹೆಸರಲ್ಲಿ ಮಾರುವ ದುಬಾರಿ ಪರೀಕ್ಷೆ, ಪುಡಿ ಡಬ್ಬಿ ಒಪ್ಪಲಾರೆ. ಸಾಲ, ಜಾತಿಯ ಅವಮಾನ ಯಾವ ರಕ್ತಪರೀಕ್ಷೆಯಲ್ಲೂ ಕಾಣುವುದಿಲ್ಲ. ಮನೋವೈದ್ಯರ ಗುಳಿಗೆಯನ್ನು ವಿಟಮಿನ್ ನಂಬಿ ನಿಲ್ಲಿಸುವುದಂತೂ ಅಪಾಯ.

ಹೊಟ್ಟೆಬೇನೆಯಿಂದ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಷುವಿಗೆ ಬುದ್ಧರು ನೀರು ಹಾಕಿದರು, ಆನಂದರು ತೊಳೆದರು, ಇಬ್ಬರೂ ಎತ್ತಿ ಮಲಗಿಸಿದರು. ಸಂಘಕ್ಕೆ ಉಪದೇಶ ಆಮೇಲೆ.

ವಿಹಾರಕ್ಕೆ ಬರುವುದನ್ನು ಬಿಟ್ಟವರ ಮನೆಗೆ ಈ ಭಾನುವಾರ ಹೋಗಿ. "ಊಟ ಆತೇನ್ರಿ? ನಿದ್ದಿ ಬರತೈತೇನ್ರಿ?" ಅಂತ ಕೇಳಿ. ತಾಲೂಕಾ ದವಾಖಾನೆಗೆ ಜೊತೆಗೇ ಹೋಗಿ. ರಾತ್ರಿ ಸಂಕಟವಾದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.