ದೇವರಿದ್ದಾನೆ ಅಂದಮೇಲೆ ಸ್ನೇಹಿತ ಯಾಕೆ ಬೇಕು?

 

ಈ ದಿನ ನಿಮ್ಮ ಮುಂದೆ ಒಂದು ಪ್ರಶ್ನೆ ಇಡಬೇಕು ಅಂತ ಇದ್ದೇನೆ. ಯೂತ್ ಮೀಟಿಂಗ್ ಮುಗಿದು ಎಲ್ಲರೂ ಹೋದಮೇಲೆ, ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ನಿಂತು, ಮೆಲ್ಲಗೆ ಕೇಳುವ ಪ್ರಶ್ನೆ ಇದು. "ಪಾಸ್ಟರ್, ಯೇಸು ನನ್ನ ಜೊತೆ ಇದ್ದಾನೆ ಅಂತ ನಂಬ್ತೀನಿ. ಆದ್ರೂ ನನಗೆ ಯಾರೂ ಇಲ್ಲ ಅನ್ಸುತ್ತೆ. ಬೆಳಿಗ್ಗೆ ಏಳೋಕೇ ಆಗಲ್ಲ. ಹಾಗಾದ್ರೆ ನನ್ನ ನಂಬಿಕೆ ಸುಳ್ಳಾ?"

ಇಲ್ಲ. ಸುಳ್ಳಲ್ಲ. ಉತ್ತರ ಮೊದಲೇ ಹೇಳಿಬಿಟ್ಟೆ. ಯಾಕೆ ಅಲ್ಲ ಅಂತ ಈಗ ಸತ್ಯವೇದದಿಂದ ನೋಡೋಣ.

ಆದಿಕಾಂಡ 2ನೇ ಅಧ್ಯಾಯಕ್ಕೆ ಬನ್ನಿ. ದೇವರು ಒಂದೊಂದನ್ನೇ ಸೃಷ್ಟಿ ಮಾಡುತ್ತಾ ಒಳ್ಳೆಯದು, ಒಳ್ಳೆಯದು ಅನ್ನುತ್ತಾ ಬಂದನು. ಮೊಟ್ಟಮೊದಲ ಬಾರಿಗೆ 'ಒಳ್ಳೆಯದಲ್ಲ' ಅಂದದ್ದು ಯಾವುದಕ್ಕೆ? ಮನುಷ್ಯ ಒಂಟಿಯಾಗಿರುವುದಕ್ಕೆ. ಇದನ್ನು ಯಾವಾಗ ಹೇಳಿದನು ಅನ್ನೋದನ್ನ ಗಮನಿಸಿ. ಪಾಪ ಇನ್ನೂ ಬಂದಿಲ್ಲ. ಸರ್ಪ ಇನ್ನೂ ಮಾತಾಡಿಲ್ಲ. ಆದಾಮನ ಪ್ರಾರ್ಥನಾ ಜೀವನದಲ್ಲಿ ಏನೂ ಕೊರತೆ ಇರಲಿಲ್ಲ, ದೇವರೇ ಅವನ ಸಂಗಡ ಇದ್ದನು. ಅಂಥ ತೋಟದಲ್ಲಿ ನಿಂತು ದೇವರು "ನಾನಿದ್ದೀನಲ್ಲ, ನಿನಗೆ ಇನ್ನೇನು ಬೇಕು?" ಅಂತ ಕೇಳಲಿಲ್ಲ. ಒಂದು ಜೊತೆ ಕೊಟ್ಟನು. ಹಾಗಾಗಿ ಒಂಟಿತನ ಅನ್ನಿಸುವುದು ಪಾಪವಲ್ಲ, ಅಪನಂಬಿಕೆಯೂ ಅಲ್ಲ. ದೇವರು ನಿಮ್ಮನ್ನು ಮಾಡಿದ್ದೇ ಹಾಗೆ.

ನಮ್ಮ ಕಡೆ ಒಂಟಿತನ ಹೇಗಿರುತ್ತೆ ಅಂತ ಶಿಡ್ಲಘಟ್ಟದವರಿಗೆ ನಾನು ವಿವರಿಸಬೇಕಾಗಿಲ್ಲ. ಹಣ್ಣಾದ ರೇಷ್ಮೆ ಹುಳುಗಳನ್ನು ಚಂದ್ರಿಕೆಗೆ ಬಿಡುವುದನ್ನು ನೀವು ನೋಡಿದ್ದೀರಿ. ಒಂದೇ ಚಂದ್ರಿಕೆಯಲ್ಲಿ ನೂರಾರು ಹುಳು, ಮಗ್ಗುಲಲ್ಲೇ ಮಗ್ಗುಲು. ಆದರೂ ಪ್ರತಿಯೊಂದೂ ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಂಡು ಒಳಗೆ ಸೇರಿಬಿಡುತ್ತೆ. ಯಲಹಂಕದ, ಹೆಬ್ಬಾಳದ ಪಿಜಿಗಳೂ ಹಾಗೇ ಅಲ್ವಾ? ಒಂದು ರೂಮಿಗೆ ಮೂರು ಮಂಚ, ಮೂರು ಚಾರ್ಜರ್, ಆರು ಇಯರ್‌ಫೋನು. ಗೌರಿಬಿದನೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುವವರು ಇಡೀ ದಿನ ಸಾವಿರ ಜನರನ್ನು ಮುಟ್ಟಿಕೊಂಡೇ ಓಡಾಡ್ತಾರೆ. ಆದರೆ "ಹೆಂಗಿದ್ದೀಯಾ?" ಅಂತ ಕೇಳಿ, ಉತ್ತರಕ್ಕೆ ಕಾಯುವವರು ಒಬ್ಬರೂ ಸಿಗಲ್ಲ.

ಇನ್ನೊಂದು ಕಷ್ಟ ಇದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್. ಮೂರು ಭಾಷೆ ಬಂದರೂ ಅಮ್ಮನ ಹತ್ತಿರ 'ಡಿಪ್ರೆಶನ್' ಅನ್ನೋದಕ್ಕೆ ಪದ ಸಿಗಲ್ಲ. "ಬೇಜಾರು" ಅಂತೀವಿ. "ಮದುವೆ ಮಾಡಿದ್ರೆ ಸರಿಹೋಗುತ್ತೆ" ಅಂತಾರೆ. ಸಭೆಯಲ್ಲಿ ಹೇಳಿಕೊಂಡರೆ ಕೆಲವರು "ಪ್ರಾರ್ಥನೆ ಕಡಿಮೆ ಆಗಿದೆ, ಉಪವಾಸ ಮಾಡಿ" ಅಂದುಬಿಡ್ತಾರೆ. ಮೊದಲೇ ನೊಂದವನ ತಲೆ ಮೇಲೆ ಅಪರಾಧದ ಭಾರ ಬೇರೆ. ಅವನು ಮುಂದಿನ ಭಾನುವಾರ ನಗುಮುಖ ಹಾಕಿಕೊಂಡು ಬರ್ತಾನೆ. ಅದರ ಮುಂದಿನ ಭಾನುವಾರ ಬರೋದೇ ಇಲ್ಲ.

ದೇವರು ಅಂಥವನನ್ನು ಹೇಗೆ ನಡೆಸಿಕೊಂಡನು ಅಂತ 1 ಅರಸುಗಳು 19ರಲ್ಲಿ ನೋಡಿ. ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದ ಎಲೀಯ. ಅಭಿಷೇಕಕ್ಕೆ ಕೊರತೆ ಇತ್ತು ಅಂತ ಅವನ ಬಗ್ಗೆ ಯಾರೂ ಹೇಳಲಾರರು. ಅದಾದ ಕೂಡಲೇ ಆತ ಕಾಡಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು, ನನ್ನ ಪ್ರಾಣ ತೆಗೆದುಬಿಡು ಅಂತ ದೇವರನ್ನೇ ಕೇಳಿಕೊಂಡ. ದೇವರು ಗದರಿಸಲಿಲ್ಲ. ಮೊದಲು ನಿದ್ದೆ. ಆಮೇಲೆ ಒಬ್ಬ ದೂತ ಬಂದು ಮುಟ್ಟಿ ಎಬ್ಬಿಸಿದ. ಬಿಸಿ ರೊಟ್ಟಿ, ನೀರು. ಮತ್ತೆ ನಿದ್ದೆ, ಮತ್ತೆ ಊಟ. ಉಪದೇಶ ಒಂದೂ ಇಲ್ಲ. ಹೋರೇಬಿಗೆ ಹೋದಮೇಲೆ "ನಾನೊಬ್ಬನೇ ಉಳಿದಿದ್ದೇನೆ" ಅಂತ ಎಲೀಯ ಎರಡು ಸಾರಿ ಹೇಳಿದಾಗ, ದೇವರು ಎರಡು ವಿಷಯ ತಿಳಿಸಿದನು. ನಿನ್ನ ಹಾಗೆ ಇನ್ನೂ 7000 ಜನ ಇದ್ದಾರೆ. ಮತ್ತೆ, ಎಲೀಷನನ್ನು ಹೋಗಿ ನೋಡು. ಖಿನ್ನತೆಯಲ್ಲಿದ್ದ ಪ್ರವಾದಿಗೆ ದೇವರು ಕೊಟ್ಟ ಉತ್ತರದಲ್ಲಿ ಒಬ್ಬ ಮನುಷ್ಯನ ವಿಳಾಸ ಇತ್ತು. ಹಲ್ಲೆಲೂಯಾ!

"ಆದರೆ ಪಾಸ್ಟರ್, ಯಾವಾಗಲೂ ಸಂತೋಷಿಸಿ ಅಂತ ಪೌಲ ಬರೆದಿದ್ದಾನಲ್ಲ?" ಬರೆದಿದ್ದಾನೆ. ಅದೇ ಪೌಲ 2 ಕೊರಿಂಥ ಮೊದಲನೇ ಅಧ್ಯಾಯದಲ್ಲಿ, ಆಸ್ಯ ಸೀಮೆಯಲ್ಲಿ ಬದುಕುವ ಆಸೆಯೇ ಹೋಗಿತ್ತು ಅಂತಲೂ ಬರೆದಿದ್ದಾನೆ. 7ನೇ ಅಧ್ಯಾಯದಲ್ಲಿ, ಕುಗ್ಗಿದವರನ್ನು ಸಂತೈಸುವ ದೇವರು ನಮ್ಮನ್ನು ಹೇಗೆ ಸಂತೈಸಿದನು ಅಂತ ಹೇಳುತ್ತಾನೆ. ದರ್ಶನದಿಂದಲ್ಲ, ತೀತನು ಬಂದದ್ದರಿಂದ. ಒಬ್ಬ ಸ್ನೇಹಿತ ಬಾಗಿಲಿಗೆ ಬಂದದ್ದನ್ನು ಪೌಲ 'ದೇವರ ಸಂತೈಸುವಿಕೆ' ಅಂತ ಲೆಕ್ಕಕ್ಕೆ ಬರೆದುಕೊಂಡ.

ನಾನೂ ಆ ಲೆಕ್ಕ ಬರೆದುಕೊಂಡವನೇ. ಬೈಬಲ್ ಕಾಲೇಜಿಗೆ ಸೇರುವುದಕ್ಕೆ ಮುಂಚೆ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಸುಮಾರು ಎಂಟು ತಿಂಗಳು ನನಗೆ ಊಟ ರುಚಿಸಲಿಲ್ಲ, ವಾಕ್ಯ ತೆರೆದರೆ ಅಕ್ಷರ ಅಷ್ಟೇ ಕಾಣುತ್ತಿತ್ತು. ಚಿಂತಾಮಣಿಯ ಒಬ್ಬ ಗೆಳೆಯ ಶನಿವಾರ ಬಸ್ಸು ಹತ್ತಿ ಬರುತ್ತಿದ್ದ. ಅವನ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಬಿಚ್ಚಿ ಇಡುತ್ತಿದ್ದ. "ತಿನ್ನೋ" ಅನ್ನುತ್ತಿದ್ದ, ಅಷ್ಟೇ. ನನ್ನ ಬಟ್ಟೆ ನೆನೆಹಾಕುತ್ತಿದ್ದ. ಹೊರಡುವಾಗ ಬಾಗಿಲಲ್ಲಿ ನಿಂತು ಎರಡೇ ಮಾತಿನ ಪ್ರಾರ್ಥನೆ. ಒಂದು ಶನಿವಾರ "ಇವತ್ತು ಡಾಕ್ಟರ್ ಹತ್ರ ಹೋಗೋಣ, ಟೋಕನ್ ತಗೊಂಡಿದ್ದೀನಿ" ಅಂದ. ಹೋದೆವು. ಅವನು ಪ್ರಸಂಗಿಯಲ್ಲ, ಟೊಮೇಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ಆದರೆ ನನ್ನ ತೀತ ಅವನೇ.

ಇಲ್ಲಿ ಒಂದು ಆಳವಾದ ವಿಷಯ ಇದೆ. ನಿರೀಕ್ಷೆ ಅಂದರೆ ಏನು? ಮನಸ್ಸಿಗೆ ಹಿತ ಅನ್ನಿಸುವುದೇ ನಿರೀಕ್ಷೆಯಾದರೆ ಖಿನ್ನತೆಯಲ್ಲಿರುವವನಿಗೆ ನಿರೀಕ್ಷೆ ಇರಲು ಸಾಧ್ಯವೇ ಇಲ್ಲ. ಆದರೆ 88ನೇ ಕೀರ್ತನೆ ಓದಿ ನೋಡಿ. ಬೇರೆ ಕೀರ್ತನೆಗಳ ಹಾಗೆ ಕೊನೆಯಲ್ಲಿ ಸ್ತುತಿಗೆ ತಿರುಗುವುದಿಲ್ಲ. ಸ್ನೇಹಿತರು ದೂರವಾದರು, ಕತ್ತಲೆ ಉಳಿಯಿತು, ಅಲ್ಲಿಗೇ ಮುಗಿಯುತ್ತೆ. ಆದರೂ ಆತ ಆ ಕತ್ತಲೆಯನ್ನು ಯಾರ ಹತ್ತಿರ ಹೇಳುತ್ತಿದ್ದಾನೆ? ದೇವರ ಹತ್ತಿರ. ಏನೂ ಅನ್ನಿಸದಿದ್ದರೂ ಮುಖ ಆ ಕಡೆಗೇ ತಿರುಗಿಸಿಕೊಂಡು ಕೂತಿರುವುದೂ ನಿರೀಕ್ಷೆಯೇ. ದೇವರು ಅಂಥ ಪ್ರಾರ್ಥನೆಯನ್ನೂ ತನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾನೆ.

ಅಷ್ಟೂ ಆಗದಿದ್ದರೆ? ಆಗ ಮಾರ್ಕ 2ನೇ ಅಧ್ಯಾಯ. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದರು. ಬಾಗಿಲಲ್ಲಿ ಜಾಗ ಇರಲಿಲ್ಲ, ಮಾಳಿಗೆ ಬಿಚ್ಚಿ ಇಳಿಸಿದರು. ಯೇಸು ಸ್ವಾಮಿ ನೋಡಿದ್ದು 'ಅವರ' ನಂಬಿಕೆಯನ್ನು. ಮಲಗಿದ್ದವನಿಗೆ ಎಷ್ಟು ನಂಬಿಕೆ ಇತ್ತು ಅಂತ ಯಾರೂ ಅಳೆಯಲಿಲ್ಲ. ನಿಮ್ಮ ಕೈಯಲ್ಲಿ ನಂಬಲು ಆಗದ ದಿನಗಳಲ್ಲಿ ನಿಮಗೋಸ್ಕರ ನಂಬುವವರು ಬೇಕು. ಸಭೆ ಇರುವುದು ಅದಕ್ಕೇ.

ಇದು ಬರೀ ಪುಸ್ತಕದ ಮಾತಲ್ಲ. ಇಂಗ್ಲೆಂಡಿನಲ್ಲಿ ವಿಲಿಯಂ ಕೂಪರ್ ಅಂತ ಒಬ್ಬ ಕವಿ ಇದ್ದ, ಭಕ್ತಿಗೀತೆಗಳನ್ನು ಬರೆದವನು. ಜೀವನದುದ್ದಕ್ಕೂ ಮತ್ತೆ ಮತ್ತೆ ತೀವ್ರ ಖಿನ್ನತೆಗೆ ಬೀಳುತ್ತಿದ್ದ. ಆಲ್ನಿ ಊರಿನಲ್ಲಿ ಅವನ ನೆರೆಯವನಾಗಿದ್ದ ಪಾದ್ರಿ ಜಾನ್ ನ್ಯೂಟನ್, 'ಅಮೇಜಿಂಗ್ ಗ್ರೇಸ್' ಬರೆದವನು. 1773ರಲ್ಲಿ ಕೂಪರ್ ಪೂರ್ತಿ ಕುಸಿದಾಗ ನ್ಯೂಟನ್ ಅವನನ್ನು ತನ್ನ ಮನೆಯಲ್ಲೇ ಒಂದು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡ. 1779ರಲ್ಲಿ ಇಬ್ಬರ ಗೀತೆಗಳೂ ಒಂದೇ ಪುಸ್ತಕವಾಗಿ ಬಂದವು. ಕೂಪರ್ 1800ರಲ್ಲಿ ತೀರಿಕೊಂಡ, ಕೊನೆಯ ವರ್ಷಗಳೂ ಕತ್ತಲೆಯಲ್ಲೇ ಕಳೆದವು. ನಾನು ನಿಮಗೆ ಸುಳ್ಳು ಸಾಕ್ಷಿ ಹೇಳಲಾರೆ, ಎಲ್ಲರಿಗೂ ಒಂದೇ ರಾತ್ರಿಯಲ್ಲಿ ಬಿಡುಗಡೆ ಆಗುವುದಿಲ್ಲ. ಆದರೆ ಅವನ ಹಾಡುಗಳು ಇಂದಿಗೂ ಸಭೆಗಳಲ್ಲಿ ಇವೆ. ಕತ್ತಲೆಯಲ್ಲಿದ್ದವನನ್ನು ದೇವರು ಪಕ್ಕಕ್ಕೆ ಇಡಲಿಲ್ಲ, ಸ್ನೇಹಿತನೂ ಇಡಲಿಲ್ಲ.

ಇನ್ನು ಔಷಧಿ ವಿಷಯ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಸುಮಾರು 20 ವಯಸ್ಕರಲ್ಲಿ ಒಬ್ಬರು ಜೀವನದಲ್ಲಿ ಯಾವಾಗಲಾದರೂ ಖಿನ್ನತೆ ಅನುಭವಿಸಿರುತ್ತಾರೆ. ಅಂದರೆ ಸಭೆಯಲ್ಲಿ ನಿಮ್ಮ ಸಾಲಿನಲ್ಲೋ ಹಿಂದಿನ ಸಾಲಿನಲ್ಲೋ ಒಬ್ಬರು ಇದ್ದಾರೆ. ಹಿಂದೆ ಲಂಡನ್ ಮಿಷನ್‌ನವರು ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆ ನಡೆಸಿದರು. ಪ್ರಾರ್ಥನೆಯೂ ಮಾಡಿದರು, ಔಷಧಿಯೂ ಕೊಟ್ಟರು. ಜ್ವರಕ್ಕೆ ಮಾತ್ರೆ ನುಂಗಿದರೆ ನಂಬಿಕೆ ಹೋಗಲ್ಲ ಅನ್ನುವವರು ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗುವವನನ್ನು ಯಾಕೆ ಅನುಮಾನಿಸಬೇಕು? ಡಾಕ್ಟರ್ ಕೊಟ್ಟ ಮಾತ್ರೆಯನ್ನು ಯಾರೇ ಹೇಳಿದರೂ, ಪ್ರವಾದನೆ ಅಂತ ಹೇಳಿದರೂ, ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಬದುಕುವುದೇ ಬೇಡ ಅನ್ನುವ ಯೋಚನೆ ಬಂದರೆ ಆ ರಾತ್ರಿ ಒಬ್ಬರೇ ಇರಬೇಡಿ. ಒಬ್ಬರನ್ನು ಎಬ್ಬಿಸಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸ್ನೇಹಿತರಾಗಿರುವವರಿಗೆ ಒಂದು ಮಾತು. ಯೋಬನ ಗೆಳೆಯರು ಏಳು ದಿನ ಸುಮ್ಮನೆ ನೆಲದ ಮೇಲೆ ಅವನ ಜೊತೆ ಕೂತಿದ್ದರು. ಬಾಯಿ ತೆರೆದು "ನಿನ್ನಲ್ಲೇ ಏನೋ ತಪ್ಪಿದೆ" ಅನ್ನಲು ಶುರುಮಾಡಿದಮೇಲೆಯೇ ಕೆಟ್ಟರು. ಆದ್ದರಿಂದ ವಚನ ಫಾರ್ವರ್ಡ್ ಮಾಡುವ ಮುಂಚೆ ಒಂದು ಸಾರಿ ಹೋಗಿ ಕೂತುಬನ್ನಿ. ಮುಂದಿನ ವಾರ ಮತ್ತೆ ಹೋಗಿ.

ಆದರೆ ಸ್ನೇಹಿತ ದೇವರಲ್ಲ. ಸ್ನೇಹಿತನಿಗೂ ನಿದ್ದೆ ಬರುತ್ತೆ. ಗೆತ್ಸೇಮನೆಯಲ್ಲಿ ಯೇಸು ಸ್ವಾಮಿ ಪೇತ್ರ, ಯಾಕೋಬ, ಯೋಹಾನರನ್ನು ಎಚ್ಚರವಾಗಿರಿ ಅಂತ ಬೇಡಿಕೊಂಡನು, ಅವರು ಮಲಗಿಬಿಟ್ಟರು. ದೇವಕುಮಾರನಿಗೇ ಆ ರಾತ್ರಿ ಜೊತೆ ಬೇಕಿತ್ತು, ಸಿಗಲಿಲ್ಲ. ಶಿಲುಬೆಯ ಮೇಲೆ ಕೈಬಿಟ್ಟ ಅನುಭವವನ್ನೂ ಆತನು ಕುಡಿದನು. ಹಾಗಾಗಿ ನಿಮ್ಮ ಒಂಟಿತನದ ಅತಿ ಕೆಳಗಿನ ಮೆಟ್ಟಿಲಿಗೆ ಇಳಿದರೂ ಅಲ್ಲಿ ಆತನ ಹೆಜ್ಜೆ ಗುರುತು ಇದೆ. ಸ್ನೇಹಿತ ಮಲಗಿದಾಗಲೂ ಎಚ್ಚರವಾಗಿರುವವನು ಆತನೇ. ಮತ್ತೆ ಆ ಸ್ನೇಹಿತನನ್ನು ಬೆಳಿಗ್ಗೆ ಎಬ್ಬಿಸಿ ನಿಮ್ಮ ಬಾಗಿಲಿಗೆ ಕಳಿಸುವವನೂ ಆತನೇ.

ರೀಲಿಂಗ್ ಮಾಡುವವರು ಒಂದೇ ಗೂಡಿನ ಎಳೆಯಿಂದ ನೂಲು ತೆಗೆಯಲ್ಲ, ಅದು ಅಷ್ಟು ಸಣ್ಣ. ಹಲವು ಗೂಡುಗಳ ಎಳೆ ಸೇರಿಸ್ತಾರೆ. ನಡುವೆ ಒಂದು ಎಳೆ ಕಿತ್ತುಹೋದರೆ ಇನ್ನೊಂದನ್ನು ಕೊಡ್ತಾರೆ, ನೂಲು ನಿಲ್ಲುವುದಿಲ್ಲ. ಈ ವಾರ ನಿಮ್ಮ ಎಳೆ ಕಿತ್ತುಹೋಗಿದ್ದರೆ ಒಬ್ಬರಿಗೆ ಹೇಳಿ. ಗಟ್ಟಿಯಾಗಿದ್ದರೆ, ಎರಡು ಭಾನುವಾರದಿಂದ ಬಾರದವರ ಹೆಸರು ನೆನಪು ಮಾಡಿಕೊಂಡು ಇವತ್ತೇ ಫೋನ್ ಮಾಡಿ.

ಪ್ರಾರ್ಥಿಸೋಣ. ಕರ್ತನೇ, ಮಾತು ಬಾರದವರ ಮೌನವನ್ನೂ ನೀನು ಕೇಳು. ಒಂಟಿಯಾಗಿರುವವರಿಗೆ ಒಬ್ಬ ತೀತನನ್ನು ಕಳಿಸು, ನಮ್ಮನ್ನೇ ಕಳಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.