ಜೂನ್ ಒಂದಕ್ಕೆ ಹುಟ್ಟಿದವರು



*ಇಂದಿನ ಚಿಂತನ: ಒಂದೇ ದಿನ ಹುಟ್ಟಿದವರ ಬಾಳು ಒಂದೇ ಆಗುತ್ತದೆಯೇ?*

ಧಮ್ಮ ಬಂಧುಗಳೇ,

ನಮ್ಮ ಸಾವಳಗಿ, ಜಮಖಂಡಿ ಭಾಗದ ಯಾವುದಾದರೂ ಹಳೆಯ ಸರ್ಕಾರಿ ಶಾಲೆಯ ದಾಖಲಾತಿ ರಜಿಸ್ಟರ್ ತೆಗೆದು ನೋಡಿ. ಹುಟ್ಟಿದ ದಿನಾಂಕದ ಕಾಲಮಿನಲ್ಲಿ 1-6, 1-6, 1-6 ಎಂದು ಸಾಲುಗಟ್ಟಿ ನಿಂತಿರುತ್ತದೆ. ಗಣಿತದವರ ಪ್ರಕಾರ ಒಂದು ತರಗತಿಯಲ್ಲಿ 23 ಮಕ್ಕಳಿದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಮ್ಮ ರಜಿಸ್ಟರುಗಳಿಗೆ ಆ ಲೆಕ್ಕ ಬೇಕಾಗಿಲ್ಲ. ಅಲ್ಲಿ ಅರ್ಧ ಊರೇ ಒಂದು ದಿನ ಹುಟ್ಟಿದೆ!

ಕಾರಣ ನಿಮಗೆಲ್ಲ ಗೊತ್ತಿದೆ. ಶಾಲೆ ಶುರುವಾಗುವುದು ಜೂನಿನಲ್ಲಿ, ವಯಸ್ಸು ಎಣಿಸುವುದೂ ಅಲ್ಲಿಂದಲೇ. ಅವ್ವನೋ ಅಪ್ಪನೋ ಮಗುವಿನ ಕೈ ಹಿಡಿದು ಬಂದು ನಿಂತಾಗ ಮಾಸ್ತರರು "ಯಾವಾಗ ಹುಟ್ಟ್ಯಾನ ಇಂವ?" ಎಂದು ಕೇಳುತ್ತಿದ್ದರು. "ಜ್ವಾಳದ ರಾಶಿ ಮಾಡೂ ಮುಂದ ಹುಟ್ಟ್ಯಾನ್ರಿ" ಎಂಬ ಉತ್ತರ ಬರುತ್ತಿತ್ತು. ಇಲ್ಲವೇ "ಎಪ್ಪತ್ತೆರಡರ ಬರಾ ಬಿದ್ದಾಗ ಹೊಟ್ಯಾಗಿದ್ದ ನೋಡ್ರಿ". ಮಾಸ್ತರರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡುತ್ತಿದ್ದರು. ಮುಟ್ಟಿದರೆ ಆರು ತುಂಬಿತು. ಇಸವಿ ಲೆಕ್ಕ ಹಾಕಿ ಅದರ ಹಿಂದೆ 1-6 ಬರೆದರೆ ಕೆಲಸ ಮುಗಿಯಿತು. ಇದರ ಫಲವನ್ನು ಈಗಲೂ ಪ್ರತಿ ವರ್ಷ ನೋಡುತ್ತೇವೆ. ತಿಂಗಳ ಮೊದಲ ತಾರೀಖಿಗೆ ಹುಟ್ಟಿದ ನೌಕರ ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗಬೇಕು. ಹಾಗಾಗಿ ಮೇ 31ಕ್ಕೆ ಕಚೇರಿ ಕಚೇರಿಗಳಲ್ಲಿ ಸಾಲು ಸಾಲು ಬೀಳ್ಕೊಡುಗೆ, ಪೇಟೆಯಲ್ಲಿ ಹಾರಕ್ಕೆ ಬರ.

ಈ ಜೂನ್ ಒಂದರ ಬಳಗ ಸಣ್ಣದೇನಲ್ಲ. ಭಾರತೀಯರಲ್ಲಿ ಮೊದಲು ಐ.ಸಿ.ಎಸ್. ಪಾಸಾದ, ಮುಂದೆ ನಮ್ಮ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಟಾಗೋರ್ ಹುಟ್ಟಿದ್ದು 1842ರ ಜೂನ್ 1ರಂದು. ಹಾಲಿವುಡ್ಡಿನ ಮರ್ಲಿನ್ ಮನ್ರೋ 1926ರ ಜೂನ್ 1, ನಮ್ಮ ನರ್ಗಿಸ್ 1929ರ ಜೂನ್ 1. ಅವರ ಪಕ್ಕದಲ್ಲಿ ಕಬ್ಬಿನ ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ನಮ್ಮ ಮುತ್ಯಾಗಳೂ ನಿಂತಿದ್ದಾರೆ, ಒಬ್ಬ ಹೆಡ್ ಮಾಸ್ತರರ ಲೇಖನಿಯ ಕೃಪೆಯಿಂದ.

ನಗೆ ಇರಲಿ. ಇದರಲ್ಲಿ ನೋಯಿಸುವ ಸಂಗತಿಯೂ ಇದೆ. ಕೆಲವರ ಮನೆಯಲ್ಲಿ ಕೂಸು ಹುಟ್ಟಿದ ಗಳಿಗೆ, ವಿಗಳಿಗೆಯನ್ನೂ ಗುರುತು ಹಾಕಿ ಜಾತಕ ಬರೆಸಿದ್ದ ಕಾಲದಲ್ಲಿ ನಮ್ಮ ಕೇರಿಯ ಕೂಸು ಹುಟ್ಟಿದ ವರ್ಷವನ್ನೂ ಯಾರೂ ಬರೆದಿಡಲಿಲ್ಲ. ಒಕ್ಕಲುತನದ ಎಷ್ಟೋ ಮನೆಗಳ ಪಾಡೂ ಅದೇ ಆಗಿತ್ತು ಎಂಬುದನ್ನು ಮರೆಯಬಾರದು. ಆದರೆ ಅವರಿಗೆ ಬೇಕೆನಿಸಿದರೆ ಜಾತಕ ಬರೆಯುವವನು ಮನೆ ಬಾಗಿಲಿಗೆ ಬರುತ್ತಿದ್ದ, ನಮ್ಮ ಬಾಗಿಲಿಗೆ ಬರುತ್ತಿರಲಿಲ್ಲ. ಬಾರದೇ ಹೋದದ್ದು ಒಳ್ಳೆಯದೇ ಆಯಿತೆಂದು ನಾನು ಎಣಿಸಿದ್ದೆ. ಜಾತಕವಿಲ್ಲದ ಜನಕ್ಕೆ ಬಿಡಬೇಕಾದ ಮೂಢನಂಬಿಕೆ ಒಂದು ಕಡಿಮೆ.

ಈಗ ಹಾಗೆ ಹೇಳುವ ಧೈರ್ಯವಿಲ್ಲ. ದೀಕ್ಷೆ ಪಡೆದ ಕುಟುಂಬವೊಂದು ನನಗೆ ಗೊತ್ತು. ಪಡಸಾಲೆಯಲ್ಲಿ ಭಗವಾನ್ ಬುದ್ಧರ, ಬಾಬಾಸಾಹೇಬರ ಫೋಟೋ ಇವೆ, ಪೌರ್ಣಿಮೆಗೆ ತಪ್ಪದೆ ವಂದನೆ ನಡೆಯುತ್ತದೆ. ಆ ಮನೆಯ ಓದಿದ ಮಗಳಿಗೆ ಬಂದ ಒಳ್ಳೆಯ ಸಂಬಂಧ ಮುರಿದುಬಿತ್ತು. ಹುಡುಗಿಯದು ಮೂಲಾ ನಕ್ಷತ್ರ, ಮಾವನಿಗೆ ಆಗಿಬರುವುದಿಲ್ಲ ಎಂದು ಯಾರೋ ಪಂಚಾಂಗ ನೋಡಿ ಹೇಳಿದರಂತೆ. ಗಂಡಿನ ಮನೆಯವರೂ ಬೌದ್ಧರೇ. ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ. ಗಂಡಿನ ತಂದೆಯ ಹುಟ್ಟಿದ ದಿನ 1-6. ಅವರ ಮದುವೆಗೆ ಯಾವ ನಕ್ಷತ್ರ ನೋಡಿದ್ದರು? ಮೂವತ್ತು ವರ್ಷದ ಅವರ ಸಂಸಾರ ಯಾವ ರಾಶಿಯ ಬಲದಿಂದ ನಡೆಯಿತು?

ಈ ವಿಷಯಕ್ಕೆ ಪಾಲಿ ಪರಂಪರೆಯಲ್ಲೇ ಒಂದು ಕಥೆ ಇದೆ. ಜಾತಕ ಅಟ್ಠಕಥೆಯ ನಿದಾನಕಥೆಯಲ್ಲಿ ಸಿದ್ಧಾರ್ಥನ 'ಸಹಜಾತ'ರ, ಅಂದರೆ ಅವನು ಹುಟ್ಟಿದ ದಿನವೇ ಹುಟ್ಟಿದವರ ಪಟ್ಟಿ ಬರುತ್ತದೆ. ಯಶೋಧರೆ, ಸಾರಥಿ ಚನ್ನ, ಗೆಳೆಯ ಕಾಳುದಾಯಿ, ಕಂಥಕ ಕುದುರೆ ಅದರಲ್ಲಿದ್ದಾರೆ. ಬೋಧಿವೃಕ್ಷವೂ ಅಂದೇ ಮೊಳೆಯಿತಂತೆ. ಇದು ಬುದ್ಧರ ನಂತರ ಎಷ್ಟೋ ಕಾಲಕ್ಕೆ ಬರೆದಿಟ್ಟ ಕಥೆ, ಇತಿಹಾಸವೆಂದು ನಂಬಬೇಕಾಗಿಲ್ಲ. ಆದರೂ ಕಥೆ ಕಟ್ಟಿದವರು ಆ ಸಹಜಾತರನ್ನು ಎಲ್ಲಿಗೆ ಕೊಂಡೊಯ್ದರು ನೋಡಿ.

ಚನ್ನ ಶುದ್ಧೋದನನ ಮನೆಯ ದಾಸಿಯ ಮಗನೆಂದು ಹೇಳುತ್ತಾರೆ. ಒಂದೇ ಮನೆ, ಒಂದೇ ದಿನ, ಒಬ್ಬ ಯುವರಾಜ, ಇನ್ನೊಬ್ಬ ಅವನ ಕುದುರೆಯ ಹಗ್ಗ ಹಿಡಿಯುವವನು. ಲಗ್ನ ಬೇರೆ, ಗಳಿಗೆ ಬೇರೆ ಎಂದು ಜ್ಯೋತಿಷಿ ಜಾರಿಕೊಳ್ಳಬಹುದು. ಇಬ್ಬರ ನಡುವಿನ ಅಂತರವನ್ನು ಮಾಡಿದ್ದು ಗಳಿಗೆಯಲ್ಲ, ಒಬ್ಬನ ತಾಯಿ ರಾಣಿ, ಇನ್ನೊಬ್ಬನ ತಾಯಿ ದಾಸಿ ಎಂಬ ಸಮಾಜದ ಕಟ್ಟಳೆ. ಸಂಘ ಆ ಕಟ್ಟಳೆಯನ್ನು ಒಪ್ಪಲಿಲ್ಲ, ಚನ್ನನೂ ಭಿಕ್ಷುವಾದ. ಆಮೇಲೆ ಅವನಿಗೆ ಸೊಕ್ಕು ಬಂತು. ಬುದ್ಧ ನಮ್ಮವನು, ಮನೆ ಬಿಟ್ಟ ರಾತ್ರಿ ಜೊತೆಗಿದ್ದವನು ನಾನು, ನನಗೆ ಬುದ್ಧಿ ಹೇಳಲು ನೀವ್ಯಾರು ಎಂಬ ಧಾಟಿ. ಕೊನೆಯ ದಿನಗಳಲ್ಲಿ ಬುದ್ಧರು ಆನಂದನಿಗೆ ಹೇಳಿಹೋದ ಮಾತುಗಳಲ್ಲಿ ಚನ್ನನಿಗೆ ಬ್ರಹ್ಮದಂಡ ಕೊಡಿ ಎಂಬುದೂ ಒಂದು. ಅವನು ಏನಾದರೂ ಅನ್ನಲಿ, ಯಾರೂ ಅವನೊಡನೆ ಮಾತಾಡಬಾರದು, ಬುದ್ಧಿ ಹೇಳಬಾರದು. ಬಹಿಷ್ಕಾರ ಅಂದರೆ ಏನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ, ಆದ್ದರಿಂದ ಈ ಭಾಗ ಓದುವಾಗ ನಮಗೆ ಕಸಿವಿಸಿ ಆಗುತ್ತದೆ. ಆದರೆ ಇದು ನಡತೆಗೆ ಕೊಟ್ಟ ದಂಡ, ಹುಟ್ಟಿಗೆ ಕೊಟ್ಟದ್ದಲ್ಲ. ಕೋಸಂಬಿಯಲ್ಲಿ ಸುದ್ದಿ ಕೇಳಿ ಮೂರ್ಛೆ ಹೋದ ಚನ್ನ ಸೊಕ್ಕು ಬಿಟ್ಟು ಸಾಧನೆಗೆ ಕೂತ, ಅರಹಂತನಾದ. ದಂಡ ಅಲ್ಲಿಗೆ ಕಳಚಿತು. ನಮ್ಮ ಹಿರಿಯರಿಗೆ ಊರು ಹಾಕಿದ್ದ ಬಹಿಷ್ಕಾರ ಎಂಥ ಸದ್ಗುಣಕ್ಕೂ ಕಳಚುತ್ತಿರಲಿಲ್ಲ.

ಹೊರಗಿನ ಒಂದು ಉದಾಹರಣೆ. 1809ರ ಫೆಬ್ರುವರಿ 12ರಂದು ಅಮೆರಿಕದ ಕೆಂಟಕಿಯಲ್ಲಿ ಮರದ ದಿಮ್ಮಿಗಳ ಗುಡಿಸಿಲಿನಲ್ಲಿ ಅಬ್ರಹಾಂ ಲಿಂಕನ್ ಹುಟ್ಟಿದರು. ಅದೇ ದಿನ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಶ್ರೀಮಂತ ವೈದ್ಯನ ಮಗನಾಗಿ ಚಾರ್ಲ್ಸ್ ಡಾರ್ವಿನ್ ಹುಟ್ಟಿದರು. ಲಿಂಕನ್ ಶಾಲೆಗೆ ಹೋದದ್ದು ಎಲ್ಲ ಸೇರಿ ಒಂದು ವರ್ಷವೂ ಇಲ್ಲ. ಡಾರ್ವಿನ್‌ಗೆ ಕೇಂಬ್ರಿಜ್ ಕಾದಿತ್ತು. ಇಬ್ಬರೂ ಗುಲಾಮಗಿರಿಯನ್ನು ದ್ವೇಷಿಸಿದರು, ಆದರೆ ಬೇರೆ ಬೇರೆ ದಾರಿಯಿಂದ. ಡಾರ್ವಿನ್‌ರ ತಾಯಿಯ ಮನೆತನ ಗುಲಾಮಗಿರಿ ವಿರೋಧಿ ಚಳವಳಿಯಲ್ಲಿತ್ತು, ಅವರು ಬ್ರೆಜಿಲ್‌ನಲ್ಲಿ ಗುಲಾಮರ ಹಿಂಸೆಯನ್ನು ಕಣ್ಣಾರೆ ಕಂಡರು. ಲಿಂಕನ್ ರಾಜಕೀಯದಲ್ಲಿ ಏಗಿ 1863ರ ಜನವರಿ 1ರಂದು ವಿಮೋಚನಾ ಘೋಷಣೆ ಹೊರಡಿಸಿದರು. ಅವರನ್ನು ಹತ್ತಿರ ತಂದದ್ದು ಫೆಬ್ರುವರಿ 12 ಅಲ್ಲ.

ಇನ್ನು ನಮ್ಮ ಏಪ್ರಿಲ್ 14. ನಮ್ಮ ಮಕ್ಕಳಲ್ಲಿ ಯಾರಾದರೂ ಆ ದಿನ ಹುಟ್ಟಿದರೆ ಮನೆಮಂದಿ ಹಿಗ್ಗುತ್ತಾರೆ, ನಾನೂ ಹಿಗ್ಗುತ್ತೇನೆ. ಜಗತ್ತಿನ ಜನಸಂಖ್ಯೆ 800 ಕೋಟಿ ಎಂದು ಹಿಡಿದರೆ ದಿನವೊಂದರ ಪಾಲಿಗೆ ಸುಮಾರು ಎರಡು ಕೋಟಿ ಇಪ್ಪತ್ತು ಲಕ್ಷ ಜನ ಬರುತ್ತಾರೆ. ಆ ದಿನ ಹುಟ್ಟಿದವರಲ್ಲಿ ಇಬ್ಬರ ಬಗ್ಗೆ ಹೇಳಲೇಬೇಕು. ಒಬ್ಬಳು ಆನ್ ಸಲಿವನ್, 1866. ಐರ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಬಂದ ಬಡವರ ಮಗಳು. ಚಿಕ್ಕವಳಿದ್ದಾಗಲೇ ಕಣ್ಣಿನ ರೋಗ, ತಾಯಿಯ ಸಾವು, ಅನಾಥಾಲಯದಂಥ ಬಡವರ ಮನೆಯ ವಾಸ. ಜೊತೆಗಿದ್ದ ತಮ್ಮ ಅಲ್ಲೇ ತೀರಿಕೊಂಡ. ಅಂಥವಳು ಅಂಧರ ಶಾಲೆಯಲ್ಲಿ ಓದಿ, 1887ರಲ್ಲಿ ಕಣ್ಣು ಕಿವಿ ಎರಡೂ ಇಲ್ಲದ ಹೆಲೆನ್ ಕೆಲರ್‌ಗೆ ಅಂಗೈಯ ಮೇಲೆ ಅಕ್ಷರ ಬರೆದು ಭಾಷೆ ಕಲಿಸಿದಳು. ಮೇಷ್ಟರ ಕೆಲಸ ಮಾಡುವ ನನಗೆ ಈ ಹೆಣ್ಣುಮಗಳು ಬಾಬಾಸಾಹೇಬರ ದಿನದಂದು ಹುಟ್ಟಿದ್ದು ತಿಳಿದಾಗ ಕಾರಣವಿಲ್ಲದೆ ಖುಷಿಯಾಯಿತು.

ಇನ್ನೊಬ್ಬ ಹೈಟಿಯ ಫ್ರಾಂಸ್ವಾ ಡುವಾಲಿಯೆ, 1907. ಹೈಟಿ ಅಂದರೆ ಗುಲಾಮರೇ ದಂಗೆಯೆದ್ದು 1804ರಲ್ಲಿ ಸ್ವತಂತ್ರಗೊಳಿಸಿದ ದೇಶ. ಡುವಾಲಿಯೆ ವೈದ್ಯ, ಹಳ್ಳಿಗಳ ಬಡವರಿಗೆ ಚಿಕಿತ್ಸೆ ಕೊಟ್ಟು ಹೆಸರಾದವನು. ತುಳಿತಕ್ಕೊಳಗಾದ ಕಪ್ಪು ಬಹುಜನರ ಹೆಸರಿನಲ್ಲೇ 1957ರಲ್ಲಿ ಅಧ್ಯಕ್ಷನಾದ. 1964ರಲ್ಲಿ ತನ್ನನ್ನು ಆಜೀವ ಅಧ್ಯಕ್ಷನನ್ನಾಗಿ ಮಾಡಿಕೊಂಡ. ಅವನ ಖಾಸಗಿ ಪಡೆ ವಿರೋಧಿಗಳನ್ನು ಕೊಂದಿತು. ಸತ್ತಾಗ ಗಾದಿ ಮಗನಿಗೆ ಹೋಯಿತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ರಾಜಕೀಯದಲ್ಲಿ ಭಕ್ತಿ ಮತ್ತು ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ಒಯ್ಯುತ್ತವೆ ಎಂದು ಎಚ್ಚರಿಸಿದ್ದರು. ಅವರ ಹುಟ್ಟುಹಬ್ಬದ ದಿನವೇ ಹುಟ್ಟಿದವನು, ನೊಂದವರ ಪರ ಎಂದು ಹೇಳಿಕೊಂಡೇ, ಆ ಎಚ್ಚರಿಕೆಗೆ ಉದಾಹರಣೆಯಾದ.

ಹಾಗಾದರೆ ಜಯಂತಿ ಯಾಕೆ? ಹುಟ್ಟಿಗೆ ಬೆಲೆ ಇಲ್ಲವೆನ್ನುವ ನಾವೇ ಹುಟ್ಟಿದ ದಿನಕ್ಕೆ ನೀಲಿ ಬಾವುಟ ಕಟ್ಟುತ್ತೇವಲ್ಲ ಎಂದು ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ನಾನು ಕೊಟ್ಟ ಉತ್ತರ ಇಷ್ಟು: ಬಾಬಾಸಾಹೇಬರ ದಾಖಲೆಯಲ್ಲಿ 1-6 ಎಂದಿದ್ದಿದ್ದರೆ ನಾವು ಜೂನ್ ಒಂದಕ್ಕೆ ಮೆರವಣಿಗೆ ತೆಗೆಯುತ್ತಿದ್ದೆವು, ಒಂದು ಕೂದಲಷ್ಟೂ ಕಡಿಮೆ ಆಗುತ್ತಿರಲಿಲ್ಲ. ಅವರು ತಮ್ಮ ಹುಟ್ಟಿನ ಬಗ್ಗೆ ಏನು ತಿಳಿದಿದ್ದರೆಂದು 1935ರಲ್ಲಿ ಯೇವಲೆಯಲ್ಲಿ ಹೇಳಿಯೇಬಿಟ್ಟಿದ್ದರು. ಹುಟ್ಟಿದ ಧರ್ಮ ತಮ್ಮ ಕೈಯಲ್ಲಿರಲಿಲ್ಲ, ಸಾಯುವ ಹೊತ್ತಿಗೆ ಅದರಲ್ಲಿ ಇರುವುದಿಲ್ಲ ಎಂಬ ತಾತ್ಪರ್ಯದ ಮಾತು ಅದು. 1956ರ ಅಕ್ಟೋಬರ್ 14 ಅವರೇ ಆರಿಸಿಕೊಂಡ ದಿನ. ನಾಗಪುರದ ಆ ಮೈದಾನದಲ್ಲಿ ಲಕ್ಷಾಂತರ ಜನ ಒಂದೇ ಹೊತ್ತಿಗೆ ಎದ್ದು ನಿಂತರು. ಅವರಲ್ಲಿ ಎಷ್ಟೋ ಜನಕ್ಕೆ ತಾವು ಹುಟ್ಟಿದ ತಾರೀಖು ಗೊತ್ತಿರಲಿಲ್ಲ, ಈ ತಾರೀಖು ಸಾಯುವವರೆಗೆ ಮರೆಯಲಿಲ್ಲ. "ಹಂಗಾದ್ರ ಅವರೆಲ್ಲಾ ಸಹಜಾತರೇನ್ರಿ ಸರ?" ಎಂದು ಅವಳು ಕೇಳಿದಳು. ಹೌದು ಎಂದೆ. ಚನ್ನನೂ ಸಹಜಾತನೇ ಆಗಿದ್ದ ಎಂಬುದನ್ನೂ ಸೇರಿಸಿದೆ.

ಬರುವ ಭಾನುವಾರ ಸುತ್ತನಿಪಾತದ ವಾಸೆಟ್ಠ ಸುತ್ತ ಓದೋಣ. ಮನುಷ್ಯ ದೊಡ್ಡವನಾಗುವುದು ಹುಟ್ಟಿನಿಂದಲೋ ನಡತೆಯಿಂದಲೋ ಎಂದು ಜಗಳಾಡಿದ ಇಬ್ಬರು ಬ್ರಾಹ್ಮಣ ಯುವಕರು ಬುದ್ಧರ ಬಳಿ ಬಂದ ಪ್ರಸಂಗ ಅದು. ಮಕ್ಕಳ ಸಂಬಂಧ ನೋಡುತ್ತಿರುವ ತಂದೆತಾಯಂದಿರು ದಯವಿಟ್ಟು ತಪ್ಪಿಸಬೇಡಿ. ಬರುವಾಗ ಮನೆಯ ಹಿರಿಯರನ್ನು ಕೂರಿಸಿಕೊಂಡು ಅವರು ಹುಟ್ಟಿದ್ದು ಯಾವಾಗ ಎಂದು ಕೇಳಿ ಬರೆದುಕೊಂಡು ಬನ್ನಿ. ಆಯಿಗೆ ಇಸವಿ ನೆನಪಾಗದಿದ್ದರೆ ಆ ವರ್ಷ ಮಳೆ ಹೆಂಗಿತ್ತು, ಯಾರ ಹೊಲದಲ್ಲಿ ಕೂಲಿ ಇತ್ತು ಎಂದಾದರೂ ಹೇಳುತ್ತಾಳೆ.

ಜೈ ಭೀಮ್. ನಮೋ ಬುದ್ಧಾಯ.