ತಾಯಿಗಿಲ್ಲದ ಕಲಂ

ಇಂಗ್ಲೆಂಡಿನಲ್ಲಿ ಮನೆತನದ ಮೂಲ ಹುಡುಕುವವರು ಮುತ್ತಾತನ ಮದುವೆ ಪ್ರಮಾಣಪತ್ರ ಸಿಕ್ಕರೆ ಹಿಗ್ಗುತ್ತಾರೆ. ಅಲ್ಲಿಯೂ ವೇಲ್ಸ್‌ನಲ್ಲಿಯೂ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ವಧೂವರರ ಹೆಸರು, ವಯಸ್ಸು, ಕಸುಬು, ವಾಸ, ಇಬ್ಬರ ತಂದೆಯರ ಹೆಸರು ಮತ್ತು ಉದ್ಯೋಗ ಎಲ್ಲವೂ ಒಂದೇ ಹಾಳೆಯಲ್ಲಿ. ಓದುವುದು ಸುಲಭ, ನಂಬುವ ಮುಂಚೆ ಮಾತ್ರ ಸ್ವಲ್ಪ ಯೋಚಿಸಬೇಕು.

ಬಾಯಲ್ಲಿ ಹೇಳಿದ್ದನ್ನೇ ಸಾಮಾನ್ಯವಾಗಿ ಅಲ್ಲಿ ಬರೆದುಕೊಳ್ಳುತ್ತಿದ್ದರು. ಎಷ್ಟೋ ಪತ್ರಗಳ ವಯಸ್ಸಿನ ಕಲಮಿನಲ್ಲಿ ಅಂಕಿಯೇ ಇಲ್ಲ, ‘ವಯಸ್ಕ’ ಎಂದಷ್ಟೇ ಇದೆ. 21 ತುಂಬಿದೆ ಎಂದರ್ಥ. ಇಪ್ಪತ್ತೆರಡೋ ಐವತ್ತೋ ತಿಳಿಯದು. ಅದಕ್ಕಿಂತ ಚಿಕ್ಕವರಿಗೆ ಹಿರಿಯರ ಒಪ್ಪಿಗೆ ಬೇಕಿದ್ದರಿಂದ ಒಂದೆರಡು ವರ್ಷ ಏರಿಸಿ ಹೇಳಿದವರಿದ್ದರು. ಇಬ್ಬರಿಗೂ ಒಂದೇ ವಿಳಾಸವಿದ್ದರೆ ಮೊದಲೇ ಒಟ್ಟಿಗಿದ್ದರೆಂದು ತೀರ್ಮಾನಿಸುವಂತಿಲ್ಲ. ಬೇರೆ ಬೇರೆ ಪ್ಯಾರಿಷ್‌ನವರಾದರೆ ಎರಡು ಚರ್ಚಿನಲ್ಲೂ ಮದುವೆಯ ಘೋಷಣೆ ಆಗಬೇಕಿತ್ತು, ಎರಡು ಕಡೆಯೂ ಶುಲ್ಕ ತೆರಬೇಕಿತ್ತು. ಒಂದೇ ವಿಳಾಸ ಕೊಟ್ಟರೆ ಆ ಖರ್ಚು ಉಳಿಯುತ್ತಿತ್ತು. ತಂದೆಯ ಕಲಂ ಖಾಲಿ ಇದ್ದರೆ ಹೆತ್ತವರಿಗೆ ಮದುವೆಯಾಗಿರಲಿಲ್ಲವೇನೋ. ಆ ಮಾತು ಮುಚ್ಚಿಡಲು ಇಲ್ಲದ ಅಪ್ಪನನ್ನು ಹುಟ್ಟುಹಾಕಿದ್ದೂ ಉಂಟು.

ಹೀಗೆ ಇಲ್ಲದ ಅಪ್ಪನಿಗೂ ಜಾಗವಿದ್ದ ಹಾಳೆಯಲ್ಲಿ ಇದ್ದ ಅಮ್ಮನಿಗೆ ಜಾಗವಿರಲಿಲ್ಲ. ಮಗು ಹುಟ್ಟಿದಾಗ ಜನನ ಪತ್ರದಲ್ಲಿ ತಾಯಿಯ ಹೆಸರನ್ನೂ ತವರಿನ ಅಡ್ಡಹೆಸರನ್ನೂ ಬರೆದುಕೊಂಡ ಸರ್ಕಾರ, ಅದೇ ಮಗುವಿನ ಮದುವೆಯ ಹೊತ್ತಿಗೆ ಅವಳನ್ನು ಕೇಳುತ್ತಲೇ ಇರಲಿಲ್ಲ. ಪಕ್ಕದ ಸ್ಕಾಟ್ಲೆಂಡ್ 1855ರಲ್ಲಿ ನೋಂದಣಿ ಆರಂಭಿಸಿದಾಗಲೇ ಮದುವೆ ದಾಖಲೆಯಲ್ಲಿ ತಾಯಂದಿರನ್ನು ಸೇರಿಸಿಕೊಂಡಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್ ಅದಕ್ಕೆ 2021ರ ಮೇ 4ರವರೆಗೆ ಕಾಯಿಸಿದವು.

ಅದಕ್ಕೇ ಅನುಭವಿಗಳು ಹಾಳೆಯ ಕೆಳತುದಿಯ ಸಾಕ್ಷಿಗಳ ರುಜುವನ್ನೂ ಬಿಡದೆ ಓದುತ್ತಾರೆ. ಅಪರಿಚಿತ ಅಡ್ಡಹೆಸರಿನ ಸಾಕ್ಷಿ ಸೋದರಮಾವನಾಗಿದ್ದರೆ ತಾಯಿಯ ತವರಿನ ದಾರಿ ಅಲ್ಲಿಂದಲೇ ತೆರೆಯುತ್ತದೆ.

ನಮ್ಮಲ್ಲೂ ಅಜ್ಜಿಯ ತಾಯಿಯ ಹೆಸರು ಕೇಳಿದರೆ ಥಟ್ಟನೆ ಹೇಳುವವರು ಕಡಿಮೆ. ಬಲ್ಲ ಹಿರಿಯರು ಇರುವಾಗಲೇ ಕೇಳಿ, ಅವಳ ಹೆಸರನ್ನೂ ತವರೂರನ್ನೂ ಬರೆದಿಡೋಣ. ಮನೆಯವರನ್ನು ವಿಚಾರಿಸಲು ಸರ್ಕಾರ ಕಲಂ ಹಾಕಿಕೊಡುವವರೆಗೆ ಕಾಯಬೇಕಿಲ್ಲ.